ತಪ್ಪಿದವರಿಗೆ ಹೇಳುವ ಮಾತು

ಇದನ್ನು ನಾನು ಎಡಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಒತ್ತಕ್ಷರ ಬಂದಲ್ಲೆಲ್ಲ ಸಿಟ್ಟು ಬರುತ್ತದೆ. ಎಲ್ಲಿಯಾದರೂ ನಾನು ಮಾತನ್ನು ಮೊಟಕುಗೊಳಿಸಿದಂತೆ ಕಂಡರೆ ಅದನ್ನು ಶೈಲಿ ಎಂದು ತಿಳಿಯಬೇಡಿ, ಬೆರಳು ನೋಯುತ್ತಿದೆ ಎಂದು ತಿಳಿಯಿರಿ. ನಿಮ್ಮ ಮನೆಯಲ್ಲಿ ಪಾರ್ಶ್ವವಾಯು ಬಡಿದವರಿದ್ದರೆ, ಅಥವಾ ಬಡಿಸಿಕೊಂಡವರು ನೀವೇ ಆಗಿದ್ದರೆ, ಇದು ನಿಮಗಾಗಿ. ಔಷಧಿ, ಪಥ್ಯ ಏನೂ ಇದರಲ್ಲಿ ಇಲ್ಲ. ಅದನ್ನು ಹೇಳಲು ಊರಿಡೀ ಜನ ಇದ್ದಾರೆ.

ಮೊದಲು ನಾನು ಮಾತಿನಲ್ಲಿ ಜಿಪುಣಿಯಾಗಿರಲಿಲ್ಲ. ಬಂಟ್ವಾಳದ ನಮ್ಮ ಮನೆಯಲ್ಲಿ ನನಗೆ ರೇಡಿಯೋ ಎಂದೇ ಹೆಸರು. ನನ್ನ ಗಂಡ ಜಗನ್ನಾಥ ಬಿ.ಸಿ.ರೋಡಿನಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಾರೆ. "ವಸಂತಿ ಬಾಗಿಲಿಗೆ ಬಂದ್ರೆ ನಾನು ಟೇಪ್ ರೆಕಾರ್ಡರ್ ಬಂದ್ ಮಾಡ್ತೇನೆ, ಕರೆಂಟ್ ಉಳೀತದೆ" ಎಂದು ಗಿರಾಕಿಗಳ ಎದುರೇ ಹೇಳುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಚೆನ್ನಾಗಿ ಗೊತ್ತಿತ್ತು. ರೋಗವೂ ಬಂತು, ಜಗಳವೂ ತಪ್ಪಲಿಲ್ಲ.

ನಾನು ಕಲಿತದ್ದು ಆಕ್ಯುಪೇಶನಲ್ ಥೆರಪಿ. ಆ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿ ಹೋಗಿರುತ್ತಿದ್ದರು. ಪಾರ್ಶ್ವವಾಯು ಆದವರಿಗೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ, ಅಂಗಿಯ ಗುಂಡಿ ಹಾಕುವುದನ್ನು, ಅನ್ನ ಕಲಸುವುದನ್ನು, ಬೀಗ ತೆಗೆಯುವುದನ್ನು ಮತ್ತೆ ಕಲಿಸುವ ಕೆಲಸ. ತೊಂಬತ್ತರ ದಶಕದ ಆರಂಭದಲ್ಲಿ ಓದು ಮುಗಿಸಿ ಊರಿಗೆ ಬಂದಾಗ ಇಲ್ಲಿ ಈ ಕೆಲಸ ಯಾರಿಗೂ ಗೊತ್ತಿರಲಿಲ್ಲ. ಒಂದು ಸಣ್ಣ ಸೇವಾ ಸಂಸ್ಥೆಯವರು ವ್ಯಾನು ಕೊಟ್ಟರು. ಬಿ.ಸಿ.ರೋಡಿನಲ್ಲಿ ಅಂಗಡಿ ಸಾಲಿನ ಮಾಳಿಗೆಯ ಕೋಣೆ, ಬೆಳ್ತಂಗಡಿಯಲ್ಲಿ ಕ್ರೈಸ್ತರ ಒಂದು ಇಗರ್ಜಿಯ ಹಿಂದಿನ ಸಭಾಭವನ, ಮೂಡುಬಿದಿರೆಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಹಳೆಯ ಮನೆಯ ಚಾವಡಿ. ವಾರವಿಡೀ ಈ ಮೂರು ಊರುಗಳ ನಡುವೆ ಓಡಾಟ. ಜನ ನನ್ನನ್ನು 'ಕೈ ಟೀಚರ್' ಎಂದು ಕರೆದರು. ಅದಕ್ಕಿಂತ ಒಳ್ಳೆಯ ಹೆಸರು ನನಗೆ ಓದಿದ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಆ ದಶಕದ ಕೊನೆಯ ಹೊತ್ತಿಗೆ ಸಂಸ್ಥೆಗೆ ಯಾರೋ ಒಂದು ಹಳೆಯ ಕಂಪ್ಯೂಟರ್ ದಾನ ಮಾಡಿದರು. ಜೊತೆಗೆ ಕೈಯ ವ್ಯಾಯಾಮಕ್ಕೆಂದೇ ಮಾಡಿದ ಒಂದು ಆಟ. ಪರದೆಯ ಮೇಲೆ ಒಂದು ಮೀನು ಈಜಿಕೊಂಡು ಬರುತ್ತದೆ. ಅದು ಬಲೆಯ ಎದುರು ಬಂದಾಗ ಮೇಜಿನ ಮೇಲಿರುವ ತಟ್ಟೆಯಷ್ಟು ದೊಡ್ಡ ಗುಂಡಿಯನ್ನು ಸೋತ ಕೈಯಿಂದ ಒತ್ತಬೇಕು. ಒತ್ತಿದರೆ ಮೀನು ಬಲೆಗೆ, ತಪ್ಪಿದರೆ ನೀರಿಗೆ. ಅಷ್ಟೇ. ಆದರೆ ಗೋಡೆ ನೋಡಿಕೊಂಡು ಕೈ ಎತ್ತಿ ಇಳಿಸಿ ಬೇಸತ್ತವರು ಆ ಮೀನಿಗಾಗಿ ಹಟ ಹಿಡಿದು ಕೂರುತ್ತಿದ್ದರು. ನಮ್ಮ ಕರಾವಳಿಯವರಿಗೆ ಮೀನೆಂದರೆ ಕೇಳಬೇಕೆ? ಬೆಳ್ತಂಗಡಿಯ ಒಬ್ಬರು ಅದು ಯಾವ ಮೀನು ಎಂದು ನಿರ್ಧಾರವಾಗದೆ ಆಡುವುದೇ ಇಲ್ಲ ಎಂದರು. ಕೊನೆಗೆ ಬಂಗುಡೆ ಎಂದು ತೀರ್ಮಾನಿಸಿ ಮುಂದುವರಿದೆವು. ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ವ್ಯಾನಿನಲ್ಲಿ ಬಾಣಂತಿಯಂತೆ ಜೋಪಾನ ಮಾಡಿ ಒಯ್ಯುತ್ತಿದ್ದೆವು. ನಾವು ಎಂದರೆ ನಾನು ಮತ್ತು ಲಿಲ್ಲಿ. ಲಿಲ್ಲಿ ಫಿಸಿಯೋಥೆರಪಿ ಕಲಿತು ಬಂದ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನ ಮಾತನ್ನು ಇಡೀ ದಾರಿ ಸಹಿಸಿಕೊಳ್ಳುತ್ತಿದ್ದವಳು.

ಆ ಆಟದಲ್ಲಿ ಒಂದು ಕಿರಿಕಿರಿಯಿತ್ತು. ಮೀನು ತಪ್ಪಿದಾಗಲೆಲ್ಲ 'ಟೊಂಯ್ಯ್' ಎಂದು ಒಂದು ಸದ್ದು. ಬಿ.ಸಿ.ರೋಡಿನಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದ ಅಬೂಬಕ್ಕರ್ ಬ್ಯಾರಿಯವರು ಬಲಗೈ ಸೋತು ನಮ್ಮಲ್ಲಿಗೆ ಬರುತ್ತಿದ್ದರು. ಅಷ್ಟು ವರ್ಷ ಗಿರಾಕಿಗಳೊಡನೆ ನಗುತ್ತಾ ವ್ಯಾಪಾರ ಮಾಡಿದ ಮನುಷ್ಯ, ಎರಡು ಸಲ ಆ ಸದ್ದು ಕೇಳಿ ಎದ್ದು ನಿಂತರು.

"ಟೀಚರೇ, ಈ ಪೆಟ್ಟಿಗೆ ನನಗೆ ಬೈತದೆ. ನನ್ನ ಬಾಪ ಕೂಡ ನನಗೆ ಹೀಗೆ ಬೈದದ್ದಿಲ್ಲ."

"ಅದು ಬೈಯ್ಯುದಲ್ಲ ಬ್ಯಾರಿಗಳೇ, ತಪ್ಪಿತು ಅಂತ ಹೇಳುದು."

"ತಪ್ಪಿದ್ದು ನನಗೆ ಗೊತ್ತುಂಟಲ್ಲ. ಮತ್ತೆ ಅದು ಹೇಳುದು ಯಾಕೆ?"

ಆ ಸದ್ದನ್ನು ತೆಗೆದು ಬೇರೆ ದನಿ ಹಾಕಲು ಬರುತ್ತದೆ ಎಂದು ಲಿಲ್ಲಿ ಕಂಡುಹಿಡಿದಳು. ಕನ್ನಡದಲ್ಲಿ ಹೇಳುವುದೋ, ತುಳುವಿನಲ್ಲೋ ಎಂದು ಯೋಚನೆ ಬಂತು. ಇಲ್ಲಿ ಕನ್ನಡ ಎಂದರೆ ಶಾಲೆ, ಕಚೇರಿ. ಕನ್ನಡದಲ್ಲಿ ಹೇಳಿದರೆ ಹೆಡ್‌ಮಾಸ್ಟರು ಹೇಳಿದ ಹಾಗಾಗುತ್ತದೆ. ತುಳುವಿನಲ್ಲೇ ಎಂದು ನಿರ್ಧರಿಸಿದೆ. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು ಚಹಾದ ಗಲಾಟೆ ಶುರುವಾಗುವ ಮೊದಲು ಒಳಗಿನ ಕೋಣೆಯಲ್ಲಿ ಮೈಕು ಹಿಡಿದು ಕೂತೆವು. ನನ್ನ ಮಗಳು ಪ್ರತೀಕ್ಷಾ, ಆಗಿನ್ನೂ ಶಾಲೆಗೆ ಸೇರದವಳು, ಬಾಯಿಗೆ ಕೈ ಅಡ್ಡ ಇಟ್ಟು ನನ್ನ ಕಾಲ ಬುಡದಲ್ಲಿ ಕೂತಿದ್ದಳು. ಮೀನು ಹಿಡಿದವರಿಗೆ ಬರೀ "ಆಂಡ್!" ಎಂದೆ. ಆಯಿತು ಎಂದಷ್ಟೇ. ತಪ್ಪಿದವರಿಗೆ ಮಾತ್ರ ಉದ್ದದ ಮಾತು.

"ದಾಲ ಇಜ್ಜಿ, ಅರ್ಜೆಂಟ್ ಇಜ್ಜಿ. ಮೆಲ್ಲ ನನೊರ ಮಲ್ಪುಗ."

ಏನಿಲ್ಲ, ಅರ್ಜೆಂಟಿಲ್ಲ, ನಿಧಾನಕ್ಕೆ ಇನ್ನೊಮ್ಮೆ ಮಾಡುವ ಎಂದು ಅರ್ಥ. "ಗೆದ್ದವರಿಗೂ ಚೂರು ಜಾಸ್ತಿ ಹೇಳಬಹುದಿತ್ತಲ್ಲ" ಎಂದಳು ಲಿಲ್ಲಿ. ಗೆದ್ದವರಿಗೆ ಮೀನು ಸಿಕ್ಕಿತಲ್ಲ, ಮಾತು ಯಾಕೆ ಎಂದೆ. ಅದೇ ಹೊತ್ತಿಗೆ ಹೊರಗೆ ಮಂಗಳೂರಿಗೆ ಹೋಗುವ ಬಸ್ಸೊಂದು ಹಾರ್ನ್ ಹೊಡೆಯಿತು. ಮಾತಿನ ಬಾಲಕ್ಕೆ ಅದೂ ಸೇರಿಕೊಂಡಿತು. ಎಷ್ಟೋ ಜನ, "ಟೀಚರ್ ಬಸ್ಸಲ್ಲಿ ಕೂತು ಹೇಳಿದ್ದಾ?" ಎಂದು ನಗುತ್ತಿದ್ದರು. ಅಬೂಬಕ್ಕರ್ ಬ್ಯಾರಿಯವರು ಮೊದಲ ಸಲ ಕೇಳಿದಾಗ ಪೆಟ್ಟಿಗೆಯ ಕಡೆ ತಲೆಯಾಡಿಸಿ, "ಹಾಂ, ಈಗ ಮಾತಾಡು" ಎಂದರು.

ಅವರ ಕೈ ಪೂರ್ತಿ ಬರಲಿಲ್ಲ. ಎಡಗೈಯಲ್ಲಿ ಬಟ್ಟೆ ಅಳೆಯಲು, ಕತ್ತರಿಸಲು ಕಲಿತರು. ಆದರೆ ಗಿರಾಕಿಯ ಕೈಗೆ ಎಡಗೈಯಲ್ಲಿ ಕೊಡಲಾರೆ ಎಂದು ಹಟ ಹಿಡಿದರು. "ಕೊಡುವ ಕೈ ಬಲಗೈ ಟೀಚರೇ. ಎಡಗೈಯಲ್ಲಿ ಕೊಟ್ಟದ್ದನ್ನು ನಾನೇ ತಕೊಳ್ಳುದಿಲ್ಲ, ಅವರು ತಕೊಳ್ತಾರಾ?" ಬಟ್ಟೆಯನ್ನು ಮೇಜಿನ ಮೇಲೆ ಇಟ್ಟು ದೂಡುತ್ತಿದ್ದರು. ನಮ್ಮಲ್ಲಿ ಹಿಂದೂಗಳೂ ಇದರಲ್ಲಿ ಕಡಿಮೆಯಿಲ್ಲ. ಎಡಗೈಯಲ್ಲಿ ಉಣ್ಣುವ ನಾಚಿಕೆಗೆ ಹಸಿದುಕೊಂಡೇ ಇದ್ದವರನ್ನು ನಾನು ನೋಡಿದ್ದೇನೆ.

ನಾಲ್ಕೈದು ವರ್ಷ ಕಳೆದು ಅದು ನನಗೆ ಬಂದದ್ದು ಬೆಳ್ತಂಗಡಿಯಲ್ಲಿ, ಬೆಳಗಿನ ಹೊತ್ತು. ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಗೆ ಚುಚ್ಚಲು ಹೋದೆ. ಪಿನ್ನು ತೂತಿನ ಪಕ್ಕದ ಗೋಡೆಗೆ ತಾಗಿತು. ಇನ್ನೊಮ್ಮೆ ಚುಚ್ಚಿದೆ, ಮತ್ತೆ ಗೋಡೆ. ಕೈ ನನ್ನದೇ, ಆದರೆ ಯಾರೋ ಎರವಲು ತೆಗೆದುಕೊಂಡು ಹೋದ ಹಾಗಿತ್ತು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಗೊತ್ತಿಲ್ಲದವರಿಗೆ ಆ ಗಳಿಗೆಯಲ್ಲಿ ಬರೀ ಗಾಬರಿ. ನನಗೆ ಮುಂದಿನ ಒಂದು ವರ್ಷ ಪೂರ್ತಿ ಕಣ್ಣೆದುರು ಬಂತು. "ಲಿಲ್ಲೀ, ನನಗೆ ಸ್ಟ್ರೋಕ್" ಎಂದೆ. ಎಂದೆ ಎಂದುಕೊಂಡೆ. ಅವಳು ಬೆನ್ನು ಹಾಕಿ ಕುರ್ಚಿ ಜೋಡಿಸುತ್ತಲೇ ಇದ್ದಳು. ನನ್ನ ಬಾಯಿಂದ ಬಂದದ್ದು ಕರು ಕೂಗಿದ ಹಾಗಿನ ಒಂದು ಸದ್ದು. ಅದಕ್ಕೆ ಅವಳು ತಿರುಗಿದಳು.

ಅದೇ ವ್ಯಾನಿನಲ್ಲಿ, ಕಂಪ್ಯೂಟರ್ ಮಲಗುವ ಜಾಗದಲ್ಲಿ, ಅದರದ್ದೇ ಬೆಡ್‌ಶೀಟಿನ ಮೇಲೆ ನನ್ನನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿನ ನರರೋಗ ವಿಭಾಗಕ್ಕೆ ನಾನು ರೋಗಿಗಳನ್ನು ಕಳಿಸುತ್ತಿದ್ದವಳು, ಹಿಂಬಾಗಿಲಿನಿಂದಲೇ ಒಳಗೆ ಹೋಗಿ ಡಾಕ್ಟರರೊಡನೆ ಚಹಾ ಕುಡಿಯುತ್ತಿದ್ದವಳು. ವಾರ್ಡಿನಿಂದ ಬಿಟ್ಟ ಮೇಲೆ ಪ್ರತಿ ತಪಾಸಣೆಗೂ ಮುಂಬಾಗಿಲಿನ ಉದ್ದದ ಬೆಂಚಿನಲ್ಲಿ ಟೋಕನ್ ಹಿಡಿದು ಕೂರಬೇಕಾಯಿತು. ಆ ಬೆಂಚು ಎಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ನನ್ನ ಗಂಡನನ್ನು ಮಾತಾಡಿಸುತ್ತಿದ್ದರು, ನನ್ನನ್ನಲ್ಲ. "ಇವರಿಗೆ ಎಷ್ಟು ಸಮಯ ಆಯ್ತು? ಗೊತ್ತಾಗ್ತದಾ ಹೇಳಿದ್ದು?" ನಾನು ಎದುರೇ ಇದ್ದೇನೆ, ಕಿವಿ ಕೇಳುತ್ತದೆ, ಬುದ್ಧಿ ನೆಟ್ಟಗಿದೆ. ಬಲಗೈ, ಬಲಗಾಲು ಮತ್ತು ನಾಲಿಗೆ ಮಾತ್ರ ಇಲ್ಲ. ಮಾತು ತಲೆಯೊಳಗೆ ಸಾಲಾಗಿ ನಿಂತಿರುತ್ತದೆ, ಬಾಗಿಲು ತೆರೆಯುವುದಿಲ್ಲ.

ಜಗನ್ನಾಥ ಡಾಕ್ಟರರನ್ನು ಕೇಳಿದರು, "ಮೊದಲಿನ ಹಾಗೆ ಆಗ್ತದಾ ಡಾಕ್ಟ್ರೇ?"

"ನೋಡುವ" ಎಂದರು ಡಾಕ್ಟರು.

ಜಗನ್ನಾಥರ ಮುಖ ಅರಳಿತು. ನೋಡುವ ಎಂದರೆ ಆಶೆ ಇದೆ ಎಂದು ಅವರು ತಿಳಿದರು. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಯಾಕೆಂದರೆ ಆ ಮಾತನ್ನು ಎಷ್ಟೋ ಮನೆಗಳ ಅಂಗಳದಲ್ಲಿ ಎಷ್ಟೋ ಹೆಂಡಂದಿರಿಗೆ, ಮಕ್ಕಳಿಗೆ ನಾನೇ ಹೇಳಿದ್ದೆ. ಇಲ್ಲ ಎನ್ನಲು ಮನಸ್ಸು ಬಾರದಾಗ ಹೇಳುವ ಮಾತು ಅದು.

ಆ ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು, ಅವಳ ಹೆಸರು ಕೇಳಲು ನನಗೆ ಬಾಯಿರಲಿಲ್ಲ. ದಿನವೂ ಬೆಳಗ್ಗೆ ಬಂದು, ಯಾರೂ ಹೇಳದೆ, ನನ್ನ ತಲೆ ಬಾಚಿ ಜಡೆ ಹಾಕಿ, ತನ್ನ ಮುಡಿಯಿಂದ ಒಂದು ತುಂಡು ಮಲ್ಲಿಗೆ ಕಿತ್ತು ಸಿಕ್ಕಿಸುತ್ತಿದ್ದಳು. "ನೋಡುವವರು ಬರ್ತಾರಲ್ಲಕ್ಕ, ಹಾಗೇ ಇದ್ರೆ ಆಗ್ತದಾ?" ಎನ್ನುತ್ತಿದ್ದಳು. ಆ ದಿನಗಳಲ್ಲಿ ನನ್ನನ್ನು ಹೆಂಗಸು ಎಂದು ಕಂಡವಳು ಅವಳೊಬ್ಬಳೇ.

ಮನೆಗೆ ಬಂದ ಮೇಲೆ ನೆಂಟರ ಸಾಲು. ಒಬ್ಬರು ಪಾರಿವಾಳದ ರಕ್ತ ಹಚ್ಚಬೇಕು ಎಂದರು, ಇನ್ನೊಬ್ಬರು ಯಾರದೋ ಕಣ್ಣು ಬಿದ್ದದ್ದು ಎಂದರು. ಮಾತಾಡಿ ಮಾತಾಡಿ ನಾಲಿಗೆ ಸವೆದದ್ದು ಎಂದು ಒಬ್ಬರು ಅಡಿಗೆಮನೆಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ನನ್ನ ಅತ್ತೆ ಮಾತ್ರ ಯಾರ ಮಾತಿಗೂ ತಲೆಯಾಡಿಸಲಿಲ್ಲ. ಪೊಳಲಿ ಅಮ್ಮನಿಗೆ ಹರಕೆ ಹೊತ್ತರು, ನನಗೆ ಗಂಜಿ ತಿನ್ನಿಸಿದರು. ಗಂಜಿ ಬಾಯಿಯ ಬಲಬದಿಯಿಂದ ಸೋರಿದಾಗ ಸೆರಗಿನಲ್ಲಿ ಒರೆಸಿ, "ಜಗ್ಗು ಸಣ್ಣದಿರುವಾಗ ಇದಕ್ಕಿಂತ ಜಾಸ್ತಿ ಚೆಲ್ತಿದ್ದ" ಎಂದರು.

ನನಗೆ ಕಾಲು ಬೇಕಿರಲಿಲ್ಲ. ಕೈಯೂ ಬೇಕೆನಿಸಲಿಲ್ಲ. ಮಗಳ ಹೆಸರು ಹಿಡಿದು ಕರೆಯಬೇಕಿತ್ತು, ಅದೊಂದೇ. ಪ್ರತೀಕ್ಷಾ ಎಂದು ಆಸೆಯಿಂದ ಇಟ್ಟ ಹೆಸರು. ಆ 'ಪ್ರ' ಮತ್ತು ಆ 'ಕ್ಷಾ' ನನ್ನ ನಾಲಿಗೆಗೆ ಪಾದೆಕಲ್ಲಾದವು. ಆಗ ಅವಳಿಗೆ ಒಂಬತ್ತು ವರ್ಷ. ಆಸ್ಪತ್ರೆಯಿಂದ ಬಂದ ದಿನ ಓಡಿಬಂದು ಎದುರು ನಿಂತಳು. ನಾನು ಕರೆಯಲು ಹೋದೆ. ಆ ಕರು ಕೂಗಿದ ಸದ್ದೇ ಬಂತು, ಜೊತೆಗೆ ಜೊಲ್ಲು. ಅವಳು ಹಿಂದೆ ಸರಿದು ಅಜ್ಜಿಯ ಸೀರೆ ಹಿಡಿದುಕೊಂಡಳು. ಅವಳ ತಪ್ಪಲ್ಲ. ನನಗೇ ಆ ಸದ್ದು ಹೆದರಿಕೆ ಹುಟ್ಟಿಸುತ್ತಿತ್ತು.

ಆಮೇಲೆ ಅವಳು ಒಳ್ಳೆಯ ಹುಡುಗಿಯಾದಳು. ಅದೇ ನನ್ನನ್ನು ಕೊಂದದ್ದು. ಮೊದಲು ಶಾಲೆಯಿಂದ ಬಂದರೆ ಚೀಲ ಬಿಸಾಡಿ, ಸ್ಕೂಲಿನ ಪುರಾಣವೆಲ್ಲ ನನ್ನ ತಲೆ ತಿನ್ನುವಂತೆ ಹೇಳುತ್ತಿದ್ದವಳು ಈಗ ಸದ್ದಿಲ್ಲದೆ ಬಂದು, ನನಗೆ ನೀರು ಕೊಟ್ಟು, ಮೂಲೆಯಲ್ಲಿ ಓದಲು ಕೂರುತ್ತಿದ್ದಳು. ನನ್ನ ಕಣ್ಣು ತಪ್ಪಿಸುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವ ಬಂದಾಗ ತಂದೆಯ ಹತ್ತಿರ ಮೆಲ್ಲಗೆ ಹೇಳಿದಳು, "ಅಮ್ಮ ಬರುದು ಬೇಡ ಅಲ್ವಾ ಪಪ್ಪ, ಅವರಿಗೆ ಸುಸ್ತಾಗ್ತದೆ." ಅವಳು ಮೌನಕ್ಕೆ ಒಗ್ಗಿಕೊಳ್ಳುತ್ತಿದ್ದಳು. ಮಕ್ಕಳು ಯಾವುದಕ್ಕೂ ಬೇಗ ಒಗ್ಗುತ್ತಾರೆ. ಅವಳು ಪೂರ್ತಿ ಒಗ್ಗುವ ಮೊದಲು ನನಗೆ ಮಾತು ಬರಬೇಕಿತ್ತು.

ಬಿ.ಸಿ.ರೋಡಿನ ಅದೇ ಮಾಳಿಗೆಗೆ ನನ್ನನ್ನು ಕರೆದುಕೊಂಡು ಹೋಗಲು ಶುರು ಮಾಡಿದರು. ಹೋಗುವಾಗ ಬಸ್ಸಿನಲ್ಲೇ. ನನ್ನನ್ನು ಮೊದಲಿನಿಂದ ಬಲ್ಲ ಕಂಡಕ್ಟರ್ ಒಬ್ಬ, ಯಾರು ಎಷ್ಟೇ ಕೂಗಾಡಿದರೂ ನಾನು ಎರಡೂ ಕಾಲು ಮೇಲಿಡುವ ತನಕ ಸೀಟಿ ಊದುತ್ತಿರಲಿಲ್ಲ. ಮಾಳಿಗೆಯಲ್ಲಿ ನಾನು ರೋಗಿಗಳ ಕುರ್ಚಿಯಲ್ಲಿ, ಲಿಲ್ಲಿ ನನ್ನ ಕುರ್ಚಿಯಲ್ಲಿ. ಅವಳು ನನ್ನ ಬಲಗೈಯನ್ನು ಎತ್ತಿ ಆ ದೊಡ್ಡ ಗುಂಡಿಯ ಮೇಲಿಟ್ಟಳು. ಪರದೆಯ ಮೇಲೆ ಬಂಗುಡೆ ಬಂತು. ಒತ್ತು, ಒತ್ತು ಎಂದು ಕೈಗೆ ಹೇಳಿದೆ. ಕೈ ಕೇಳಲಿಲ್ಲ. ಬಂಗುಡೆ ಹೋಯಿತು.

"ದಾಲ ಇಜ್ಜಿ, ಅರ್ಜೆಂಟ್ ಇಜ್ಜಿ. ಮೆಲ್ಲ ನನೊರ ಮಲ್ಪುಗ."

ಹಾರ್ನ್.

ಆ ದನಿ ಎಷ್ಟು ದುಂಡಗಿತ್ತು! ಎಷ್ಟು ಸಲೀಸಾಗಿ 'ಮಲ್ಪುಗ' ಎನ್ನುತ್ತಿತ್ತು! ಲಿಲ್ಲಿ ನನ್ನನ್ನು ನೋಡಿದಳು. ಅವಳಿಗೆ ಮೊದಲೇ ಹೊಳೆದಿರಲಿಲ್ಲ, ಪಾಪ. ಎರಡನೇ ಮೀನೂ ಹೋಯಿತು. ದಾಲ ಇಜ್ಜಿಯಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಹೆಂಗಸಿಗೆ ಏನು ಗೊತ್ತು? ಕೈಕಾಲು ಗಟ್ಟಿ ಇದ್ದು, ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅರ್ಜೆಂಟಿಲ್ಲ ಎಂದವಳು! ನನಗೆ ಅರ್ಜೆಂಟಿತ್ತು. ಎಡಗೈಯಿಂದ ಸ್ಪೀಕರಿನ ವಯರು ಹಿಡಿದು ಎಳೆದೆ. ಸ್ಪೀಕರು ಕೆಳಗೆ ಬಿತ್ತು.

"ಆಯ್ತಕ್ಕ, ಆಯ್ತು. ಸೌಂಡ್ ಬೇಡ" ಎಂದಳು ಲಿಲ್ಲಿ. ಅವಳ ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ಸದ್ದಿಲ್ಲದೆ ಮೀನು ಹಿಡಿದೆ. ತಿಂಗಳುಗಳು ಕಳೆದವು. ಭುಜ ಎದ್ದಿತು, ಮೊಣಕೈ ಎದ್ದಿತು, ಬೆರಳುಗಳು ಏಳಲಿಲ್ಲ. ಮಾತಿನ ಅಭ್ಯಾಸಕ್ಕೆ ಮಂಗಳೂರಿಗೆ ಹೋಗುತ್ತಿದ್ದೆ. ಆ, ಈ, ಊ ಬಂದವು. ಅಮ್ಮ ಬಂತು, ನೀರು ಬಂತು. ಪ್ರತೀಕ್ಷಾ ಬರಲಿಲ್ಲ. ಎಡಗೈಯಲ್ಲಿ ಕೀಬೋರ್ಡು ಕುಟ್ಟುವುದನ್ನು ಲಿಲ್ಲಿ ಕಲಿಸಿದಳು. ನಾನು ಪೂರ್ತಿಯಾಗಿ ಟೈಪ್ ಮಾಡಿದ ಮೊದಲ ವಾಕ್ಯ ಇದು: 'ಆ ದನಿಯನ್ನು ಅಳಿಸಿ ನಿನ್ನದನ್ನು ಹಾಕು.'

"ಯಾಕಕ್ಕ? ಬೇರೆ ಪೇಶೆಂಟುಗಳಿಗೆ ಅದೇ ಬೇಕು. ಬೆಳ್ತಂಗಡಿಯವರು ಕೇಳ್ತಾರೆ."

'ಸತ್ತವಳ ದನಿ' ಎಂದು ಟೈಪ್ ಮಾಡಿದೆ. ಅವಳು ಬರುವ ವಾರ ಹೊಸದಾಗಿ ರೆಕಾರ್ಡ್ ಮಾಡುವ ಎಂದು ಒಪ್ಪಿದಳು. ಪಕ್ಕದಲ್ಲಿ ಶಾಲೆಯ ಚೀಲ ಹೆಗಲಿಗೇರಿಸಿ ನನಗಾಗಿ ಕಾಯುತ್ತಿದ್ದ ಪ್ರತೀಕ್ಷಾ ಪರದೆಯನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅದೇ ವಾರ ಅಬೂಬಕ್ಕರ್ ಬ್ಯಾರಿಯವರು ನನ್ನನ್ನು ನೋಡಲು ಮಾಳಿಗೆಗೆ ಬಂದರು. ಅವರ ಮಗ ದುಬಾಯಿಯಿಂದ ತಂದ ಖರ್ಜೂರದ ಪೊಟ್ಟಣ ಕಂಕುಳಲ್ಲಿತ್ತು. ಹೊರಗಿನ ಬೆಂಚಿನಲ್ಲಿ ನನ್ನ ಎದುರು ಕೂತರು. ಇಬ್ಬರ ಬಲಗೈಯೂ ಅವರವರ ಮಡಿಲಲ್ಲಿ ಬಿದ್ದಿತ್ತು. ಮತ್ತೆ ಪೊಟ್ಟಣ ಬಿಚ್ಚಿ, ಒಂದು ಖರ್ಜೂರ ತೆಗೆದು, ಎಡಗೈಯಲ್ಲಿ ನನ್ನ ಕಡೆ ಚಾಚಿದರು. ಅಷ್ಟು ವರ್ಷ ಯಾರಿಗೂ ಆ ಕೈಯಲ್ಲಿ ಕೊಡದ ಮನುಷ್ಯ.

"ತಕೊಳ್ಳಿ ಟೀಚರೇ. ನಿಮಗೆ ಕೊಡ್ಬಹುದು. ನಿಮಗೆ ಗೊತ್ತಾಗ್ತದೆ."

ನಾನು ಎಡಗೈಯಲ್ಲೇ ತೆಗೆದುಕೊಂಡೆ. ಸ್ಟ್ರೋಕ್ ಆದ ಮೇಲೆ ನಾನು ಮೊದಲ ಬಾರಿಗೆ ಜೋರಾಗಿ ಅತ್ತದ್ದು ಆಗ, ಬಾಯಿ ತುಂಬ ಖರ್ಜೂರ ಇಟ್ಟುಕೊಂಡು.

ಅವರು ಇಳಿದು ಹೋದ ಮೇಲೆ ಬೆಂಚಿನಲ್ಲೇ ಕೂತಿದ್ದೆ. ಲಿಲ್ಲಿ ಕೆಳಗೆ ಒಬ್ಬ ರೋಗಿಯನ್ನು ಮೆಟ್ಟಿಲು ಹತ್ತಿಸುತ್ತಿದ್ದಳು. ಒಳಕೋಣೆಯಿಂದ ದನಿ ಕೇಳಿತು. ದಾಲ ಇಜ್ಜಿ, ಅರ್ಜೆಂಟ್ ಇಜ್ಜಿ. ಸ್ವಲ್ಪ ಹೊತ್ತಿಗೆ ಮತ್ತೆ. ಇನ್ನೊಮ್ಮೆ. ಯಾರು ಸ್ಪೀಕರು ಹಾಕಿದ್ದು? ಈ ಸಲ ಅದನ್ನು ಒಡೆದೇ ಬಿಡುತ್ತೇನೆಂದು ಗೋಡೆ ಹಿಡಿದು, ಕಾಲು ಎಳೆಯುತ್ತಾ ಬಾಗಿಲಿನ ತನಕ ಹೋದೆ.

ಪ್ರತೀಕ್ಷಾ ಕೂತಿದ್ದಳು. ಶಾಲೆಯ ಚೀಲ ಇನ್ನೂ ಬೆನ್ನಮೇಲೆಯೇ ಇತ್ತು. ಆ ಆಟದಲ್ಲಿ ಅವಳು ಪಳಗಿದವಳು. ಸಣ್ಣವಳಿದ್ದಾಗ ನಾನು ಯಂತ್ರ ಜೋಡಿಸುವಾಗೆಲ್ಲ ಕೂತು ಆಡಿ, ಒಂದು ಮೀನನ್ನೂ ಬಿಡದವಳು. ಈಗ ಬಂಗುಡೆ ಬರುತ್ತಿತ್ತು, ಬಲೆಯ ಎದುರು ನಿಲ್ಲುತ್ತಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಸುಮ್ಮನೆ ನೋಡುತ್ತಿದ್ದಳು. ಮೀನು ಹೋಗುತ್ತಿತ್ತು.

"ದಾಲ ಇಜ್ಜಿ, ಅರ್ಜೆಂಟ್ ಇಜ್ಜಿ. ಮೆಲ್ಲ ನನೊರ ಮಲ್ಪುಗ."

"ಅಮ್ಮ, ಇವತ್ತು ಕ್ಲಾಸಲ್ಲಿ ಸಿಸ್ಟರ್ ನನ್ನನ್ನು ಹಿಂದಿನ ಬೆಂಚಿಗೆ ಹಾಕಿದ್ರು" ಎಂದಳು ಅವಳು, ಪೆಟ್ಟಿಗೆಗೆ.

ಇನ್ನೊಂದು ಮೀನು ಬಂತು, ಹೋಯಿತು.

"ದಾಲ ಇಜ್ಜಿ, ಅರ್ಜೆಂಟ್ ಇಜ್ಜಿ. ಮೆಲ್ಲ ನನೊರ ಮಲ್ಪುಗ."

"ನಾನು ಅಳ್ಲಿಲ್ಲ. ಮತ್ತೆ ಗೀತಾ ಅವಳ ಟಿಫಿನ್ ಕೊಟ್ಲು."

ಅವಳ ಅಮ್ಮನಾದ ನಾನು ಎರಡು ಮಾರು ದೂರದಲ್ಲಿ, ಬಾಗಿಲಿನ ದಾರಂದ ಹಿಡಿದು ನಿಂತಿದ್ದೆ. ಗೆದ್ದರೆ ಒಂದೇ ಪದ, ಸೋತರೆ ಇಡೀ ಮಾತು. ಅಮ್ಮನ ಇಡೀ ಮಾತು ಕೇಳಲು ಅವಳು ಸೋಲುತ್ತಿದ್ದಳು. ನಾನು ಕರೆದೆ. 'ಪ' ಬಂತು, ಮುಂದಿನದು ಬರಲಿಲ್ಲ. ಅವಳು ಬೆಚ್ಚಿ ತಿರುಗಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಸ್ಪೀಕರಿಗೆ ಎರಡೂ ಕೈ ಅಡ್ಡ ಹಿಡಿದಳು.

"ಸೌಂಡ್ ನಾನೇ ಹಾಕಿದ್ದು. ಲಿಲ್ಲಿ ಆಂಟಿ ಅಲ್ಲ. ಅಳಿಸ್ತೀರಿ ಅಂತ ನೀವು ಬರೆದದ್ದು ನೋಡಿದೆ... ಅದಕ್ಕೆ, ಹೋಗುವ ಮೊದಲು ಸ್ವಲ್ಪ..."

ನಾನು ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ಎಡಗೈಯಿಂದ ಬಲಗೈಯನ್ನು ಎತ್ತಿ ಗುಂಡಿಯ ಮೇಲಿಟ್ಟೆ. ಬಂಗುಡೆ ಬಂತು. ನಾನು ನಿಜವಾಗಿಯೂ ಪ್ರಯತ್ನಿಸಿದೆ, ತಪ್ಪಿತು. ಆ ಹೆಂಗಸು ತನ್ನ ಮಾತು ಹೇಳಿದಳು. ನಾವಿಬ್ಬರೂ ಕೇಳಿದೆವು. ಪ್ರತೀಕ್ಷಾ ನನ್ನ ಭುಜಕ್ಕೆ ತಲೆ ಒರಗಿಸಿದಳು. ಎಷ್ಟೋ ತಿಂಗಳ ಮೇಲೆ. ಅದು ಬಲಭುಜ, ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ, ಆದರೆ ಭಾರ ತಿಳಿಯುತ್ತದೆ.

ಲಿಲ್ಲಿ ಮೇಲೆ ಬಂದಾಗ ಸ್ಪೀಕರು ತೋರಿಸಿ, ಅಳಿಸುವುದು ಬೇಡ ಎಂದು ತಲೆಯಾಡಿಸಿದೆ.

ದನಿಯನ್ನು ಅಳಿಸಲಿಲ್ಲ. ಆದರೆ ಉಳಿಸಲೂ ಇಲ್ಲ. ಅದನ್ನು ಬೇರೆ ಕಡೆ ನಕಲು ಮಾಡಿ ಇಡಬೇಕು ಎಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಒಂದೆರಡು ವರ್ಷ ಅದು ಮೂರೂ ಊರುಗಳಲ್ಲಿ ತಪ್ಪಿದವರಿಗೆಲ್ಲ ಸಮಾಧಾನ ಹೇಳುತ್ತಾ ತಿರುಗಿತು, ನಾನು ಮನೆಯ ಜಗಲಿಯಲ್ಲಿ ಕೂತಿದ್ದೆ. ಒಂದು ಮಳೆಗಾಲ ಮೂಡುಬಿದಿರೆಯಲ್ಲಿ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟುಹೋಯಿತು. ಲಿಲ್ಲಿ ಅದನ್ನು ಮಂಗಳೂರಿನ ರಿಪೇರಿಯವರಲ್ಲಿಗೆಲ್ಲ ಹೊತ್ತು ತಿರುಗಿದಳು. ಒಳಗಿದ್ದದ್ದು ಯಾವುದೂ ಸಿಗಲಿಲ್ಲ. ಮನೆಗೆ ಬಂದು ಹೇಳುವಾಗ ಸಾವಿನ ಸುದ್ದಿ ಹೇಳುವವರಂತೆ ಚಪ್ಪಲಿ ಕಳಚಿ ಬಾಗಿಲಲ್ಲೇ ನಿಂತಳು. ಜಗನ್ನಾಥ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಅವರಿಗೂ ಆ ದನಿ ಬೇಕಿತ್ತು ಎಂದು ನನಗೆ ಆಗಲೇ ಗೊತ್ತಾದದ್ದು. ಅವರು ಒಂದು ದಿನವೂ ಹೇಳಿರಲಿಲ್ಲ.

ನನ್ನ ಕೆಲಸ ಮತ್ತೆ ಶುರುವಾಗಲಿಲ್ಲ. ಸಂಸ್ಥೆಗೆ ಹೊಸ ಯಂತ್ರ ಬಂತು, ಹೊಸ ಆಟ, ಹೊಸ ಹುಡುಗಿಯರು. ವಾರಕ್ಕೊಮ್ಮೆ ಹೋಗಿ ಬೆಂಚಿನಲ್ಲಿ ಕಾಯುವವರ ಜೊತೆ ಕೂತು ಬರುತ್ತೇನೆ. ಅಷ್ಟೇ ಈಗ ನನ್ನಿಂದ ಆಗುವ ಚಿಕಿತ್ಸೆ. ಹೊಸದಾಗಿ ಬಿದ್ದವರು ನನ್ನ ಬಾಯಿ ನೋಡುತ್ತಾರೆ, ಬಲಗೈ ನೋಡುತ್ತಾರೆ, ಮತ್ತೆ ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ಮೊದಲಿನ ಹಾಗೆ ಆಗುತ್ತದಾ ಎಂದು ಯಾರಾದರೂ ಕೇಳಿದರೆ ನಾನು 'ನೋಡುವ' ಎನ್ನುವುದಿಲ್ಲ. ಇಲ್ಲ ಎಂದು ತಲೆಯಾಡಿಸುತ್ತೇನೆ. ಆದರೆ ಕೈ ಬಿಡದೆ ಹಿಡಿದುಕೊಂಡಿರುತ್ತೇನೆ.

ಪ್ರತೀಕ್ಷಾ ಈಗ ಮೂಡುಬಿದಿರೆಯಲ್ಲಿ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿ ಇದ್ದಾಳೆ. ಭಾನುವಾರ ಫೋನು ಮಾಡುತ್ತಾಳೆ. ನನ್ನ ಮಾತು ಈಗ ಮನೆಯವರಿಗೆ ತಿಳಿಯುವಷ್ಟು ಬಂದಿದೆ. ಆದರೆ ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಅರ್ಧ ಅಲ್ಲಿಯೇ ಹೋಗುತ್ತದೆ. ಅವಳ ಹೆಸರು ಪತ್ತೀಚಾ ಎಂದಾಗುತ್ತದೆ, ಒಮ್ಮೊಮ್ಮೆ ಅದೂ ಆಗುವುದಿಲ್ಲ. ನಾನು ಎಡವಿ ನಿಂತರೆ ಅವಳು ಆ ಕಡೆಯಿಂದ ಕಾಯುತ್ತಾಳೆ. ಮತ್ತೆ ಹೇಳುತ್ತಾಳೆ, ಹೇಳಬೇಕೆಂದು ಹೇಳುವುದಲ್ಲ, ಅವಳ ಬಾಯಿಗೆ ಅದೇ ಬರುತ್ತದೆ:

"ದಾಲ ಇಜ್ಜಿ ಅಮ್ಮ, ಅರ್ಜೆಂಟ್ ಇಜ್ಜಿ. ಮೆಲ್ಲ ನನೊರ ಮಲ್ಪುಗ."

ಅದೇ ಏರು, ಅದೇ ಇಳಿತ. 'ಮಲ್ಪುಗ'ದ ಕೊನೆಗೆ ಸ್ವಲ್ಪ ಎಳೆಯುವುದೂ ಅದೇ. ಸುಟ್ಟುಹೋದದ್ದು ಪೂರ್ತಿ ಸುಟ್ಟಿರಲಿಲ್ಲ. ನಾನು ರಿಸೀವರನ್ನು ಎಡಗಿವಿಗೆ ಒತ್ತಿ ಹಿಡಿಯುತ್ತೇನೆ. ಈಚೆಗೆ ಕೆಲವು ದಿನ, ಹೆಸರು ನಾಲಿಗೆಯ ತುದಿಗೆ ಸರಿಯಾಗಿ ಬಂದು ನಿಂತಿರುತ್ತದೆ. ಆಗಲೂ ನಾನು ಬೇಕೆಂದೇ ತಪ್ಪುತ್ತೇನೆ.